ಮಾಡಿನ ಮೇಲೆ ರೂಟರ್, ಕಪಾಟಿನೊಳಗೆ ವಿಕಿಪೀಡಿಯ

ನಮ್ಮ ಮನೆಯಲ್ಲಿ ನೆಟ್ ಸಿಗುತ್ತಿದ್ದ ಜಾಗ ಒಂದೇ, ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲು. ಅದರ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತರೆ ಫೋನಿನಲ್ಲಿ ಸಿಗ್ನಲ್ಲಿನ ಎರಡು ಕಡ್ಡಿ. ಎದ್ದು ನಿಂತರೆ ಒಂದು. ಅಣ್ಣನ ಮಗಳು ಪ್ಲಸ್ ವನ್ ಅಲೋಟ್‌ಮೆಂಟ್ ನೋಡಿದ್ದು ಆ ಕಲ್ಲಿನ ಮೇಲೆ. ಅಣ್ಣ ಭೂಮಿಯ ತೆರಿಗೆ ಕಟ್ಟುವುದು ಆ ಕಲ್ಲಿನ ಮೇಲೆ. ಬೆಂಗಳೂರಿನಲ್ಲಿರುವ ತಂಗಿಯ ಮುಖ ಅಮ್ಮ ನೋಡುವುದೂ ಅಲ್ಲೇ. ಅತ್ತಿಗೆಗೆ ಮಾತ್ರ ಬಟ್ಟೆ ಒಗೆಯಲು ಜಾಗ ಇಲ್ಲ.

“ನಿಮ್ಮ ಇಂಟರ್ನೆಟ್ ಮುಗಿದ ಮೇಲೆ ಹೇಳಿ, ನಂಗೆ ಎರಡು ಬಕೆಟ್ ಒಗೀಲಿಕ್ಕುಂಟು” ಎಂದು ಅವರು ಒಂದು ದಿನ ಸಿಟ್ಟಿನಲ್ಲೇ ಹೇಳಿದರು. ಈ ಕೆಲಸ ಶುರುವಾದದ್ದು ಆ ಮಾತಿನಿಂದ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತು, ಪೆರ್ಲ ಪೇಟೆಯಿಂದ ಒಳಗೆ. ಇಲ್ಲಿ ಗುಡ್ಡದ ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಬುಡದಲ್ಲಿ ನೀರು. ಅಡಿಕೆಗೆ ನೀರು ಬೇಕಲ್ವಾ? ಹಾಗಾಗಿ ಅಜ್ಜಂದಿರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದರು. ನೀರು ಸಿಕ್ಕಿದಲ್ಲಿ ತೋಟ ಮಾಡಿದರು, ತೋಟದ ತಲೆಯಲ್ಲಿ ಮನೆ ಕಟ್ಟಿದರು. ಮೂರು ಬದಿಗೂ ಗುಡ್ಡ. ನೀರು ಹುಡುಕಿ ಅವರು ಕೆಳಗಿಳಿದರು, ಸಿಗ್ನಲ್ ಹುಡುಕಿ ನಾವು ಮೇಲೆ ಹತ್ತುತ್ತಿದ್ದೇವೆ. ಫೈಬರ್ ಟಾರು ರೋಡಿನವರೆಗೆ ಬಂದಿದೆ. ಅಲ್ಲಿಂದ ನಮ್ಮಲ್ಲಿಗೆ ಒಂದೂವರೆ ಕಿಲೋಮೀಟರ್. ಕಂಬ ನಿಮ್ಮ ಖರ್ಚಿನಲ್ಲಿ ಹಾಕಿಸಿ ಅಂದರು. ಲೆಕ್ಕ ಹಾಕಿ ನೋಡಿ ಸುಮ್ಮನಾದೆ.

ನಾನು ಪೇಟೆಯಲ್ಲಿ ಇನ್ವರ್ಟರ್, ಪಂಪಿನ ಸ್ಟಾರ್ಟರ್ ರಿಪೇರಿ ಮಾಡುವವನು. ಅದಕ್ಕೆ ಮೊದಲು ಮಂಗಳೂರಿನಲ್ಲಿ ಮೂರು ವರ್ಷ ಒಂದು ಕಂಪ್ಯೂಟರ್ ಲ್ಯಾಬ್ ನೋಡಿಕೊಂಡಿದ್ದೆ. ವಯರು ಗೊತ್ತು, ಕಂಪ್ಯೂಟರ್ ಸ್ವಲ್ಪ ಗೊತ್ತು. ಆಂಟೆನಾ ಗೊತ್ತಿರಲಿಲ್ಲ. ಆ ಗೊತ್ತಿಲ್ಲದ್ದಕ್ಕೆ ಕೊಟ್ಟ ಫೀಸು ಮುಂದೆ ಬರುತ್ತದೆ.

ಫೆಬ್ರವರಿಯಲ್ಲಿ ಬರೀ ಅಳತೆ

ಕಡ್ಡಿ ನೋಡಿ ಏನೂ ಗೊತ್ತಾಗುವುದಿಲ್ಲ. ಒಂದೊಂದು ಫೋನ್ ಒಂದೊಂದು ರೀತಿ ಕಡ್ಡಿ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ಒಳಗೆ ‘ಫೋನ್ ಬಗ್ಗೆ’ ಎಂಬಲ್ಲಿ ಸಿಮ್ ಸ್ಟೇಟಸ್ ನೋಡಿದರೆ ಡಿಬಿಎಂ ಲೆಕ್ಕದಲ್ಲಿ ನಿಜವಾದ ಅಂಕಿ ಸಿಗುತ್ತದೆ. ಅದು ಮೈನಸ್ಸಿನಲ್ಲಿರುತ್ತದೆ. ಮೈನಸ್ 90ರ ಆಸುಪಾಸು ಇದ್ದರೆ ಆರಾಮ. 110 ದಾಟಿದರೆ ಕಷ್ಟ. 120 ಅಂದರೆ ಜೀವ ಇದೆ ಅಷ್ಟೆ. ಮೂರು ಡಿಬಿ ಇಳಿದರೆ ಶಕ್ತಿ ಅರ್ಧ, ಹತ್ತು ಇಳಿದರೆ ಹತ್ತರಲ್ಲಿ ಒಂದು ಪಾಲು.

ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಚಾವಡಿ 119. ಅಡಿಗೆ ಕೋಣೆ, ನೆಟ್‌ವರ್ಕೇ ಇಲ್ಲ. ಅಟ್ಟ 113. ಒಗೆಯುವ ಕಲ್ಲು 108. ಏಣಿ ಇಟ್ಟು ಮಾಡಿನ ತುದಿಗೆ ಕೈ ಎತ್ತಿ ಹಿಡಿದರೆ 101. ಚಾವಡಿಗೂ ಮಾಡಿನ ತುದಿಗೂ 18 ಡಿಬಿ ವ್ಯತ್ಯಾಸ. ಅಂದರೆ ಅರುವತ್ತು ಪಟ್ಟು. ಮನೆಯ ಮುರಕಲ್ಲಿನ ಗೋಡೆಯೂ ಹಂಚೂ ಸೇರಿ ಇಷ್ಟು ನುಂಗುತ್ತಿದ್ದವು.

ಇನ್ನೊಂದು ವಿಷಯ ಆಗಲೇ ಕಣ್ಣಿಗೆ ಬಿತ್ತು, ಆದರೆ ಅರ್ಥ ಆಗಲಿಲ್ಲ. ಯಾರೂ ಏನೂ ಮಾಡದಿದ್ದರೆ ಪಿಂಗ್, ಅಂದರೆ ಒಂದು ಸಣ್ಣ ಸಂದೇಶ ಹೋಗಿ ಉತ್ತರ ಬರುವ ಹೊತ್ತು, 90 ಮಿಲಿಸೆಕೆಂಡ್. ಒಬ್ಬರು ಒಂದು ವಿಡಿಯೊ ಕಳಿಸಿದರೆ ಮೂರು ಸಾವಿರ ದಾಟುತ್ತಿತ್ತು. ‘ಟವರ್ ಲೋಡ್’ ಎಂದು ಬರೆದು ಪುಟ ತಿರುಗಿಸಿದೆ. ತಪ್ಪು ಬರೆದಿದ್ದೆ.

ಗಡಿಯವರಿಗೆ ಇನ್ನೊಂದು ತಲೆನೋವು ಉಂಟು. ಸಾರಡ್ಕ ದಾಟಿದರೆ ಕರ್ನಾಟಕ. ಫೋನಿಗೆ ಎರಡೂ ಕಡೆಯ ಟವರ್ ಕಾಣುತ್ತದೆ. ಒಂದೇ ಕಂಪೆನಿಯಾದರೂ ಕೇರಳ ಸರ್ಕಲ್ ಬೇರೆ, ಕರ್ನಾಟಕ ಸರ್ಕಲ್ ಬೇರೆ. ಮನೆಯೊಳಗೆ ಕೂತಿರುವಾಗಲೇ ‘ಕರ್ನಾಟಕಕ್ಕೆ ಸ್ವಾಗತ’ ಎಂದು ಮೆಸೇಜು ಬರುತ್ತದೆ, ಹತ್ತು ನಿಮಿಷ ಬಿಟ್ಟು ಕೇರಳಕ್ಕೆ ಸ್ವಾಗತ. 1956ರಲ್ಲಿ ತೀರ್ಮಾನ ಆದದ್ದನ್ನು ನನ್ನ ಫೋನ್ ಇನ್ನೂ ಒಪ್ಪಿಲ್ಲ. ತಮಾಷೆ ಬಿಡಿ. ಹೀಗೆ ಆಚೀಚೆ ಹಾರುವಾಗ ಪ್ರತಿ ಸಲವೂ ಐಪಿ ವಿಳಾಸ (ನೆಟ್ಟಿನಲ್ಲಿ ಫೋನಿನ ಗುರುತು) ಬದಲಾಗುತ್ತಿತ್ತು. ಅರ್ಧ ತುಂಬಿದ ಅರ್ಜಿ ಅಲ್ಲಿಗೇ ಢಮಾರ್.

ಮಾರ್ಚ್: ಹೊಳೆಯಲ್ಲಿ ಹುಣಸೆಹಣ್ಣು

ಆನ್‌ಲೈನಿನಲ್ಲಿ ಒಂದು ಜೊತೆ ಆಂಟೆನಾ ತರಿಸಿದೆ. ಮೀನಿನ ಮುಳ್ಳಿನ ಹಾಗೆ ಕಾಣುವ ಜಾತಿ. 11 ಡಿಬಿ ಗೇನ್ (ಸಿಗ್ನಲ್ ಹೆಚ್ಚಿಸುವ ಪ್ರಮಾಣ) ಎಂದು ಡಬ್ಬಿಯ ಮೇಲೆ ಬರೆದಿತ್ತು. 15 ಮೀಟರ್ ಕಪ್ಪು ಕೇಬಲ್ ಜೊತೆಗೇ ಬಂತು. ದೂರದರ್ಶನದ ಕಾಲದ ಜಿಐ ಪೈಪು ಮಾಡಿನ ಪಕ್ಕದಲ್ಲಿ ಇನ್ನೂ ನಿಂತಿತ್ತು. ಅದರ ಮೇಲೆಯೇ ಕಟ್ಟಿದೆ. ಕೇಬಲನ್ನು ಅಟ್ಟದ ಕಿಟಕಿಯಿಂದ ಒಳಗೆ ಎಳೆದು ಸಿಮ್ ಹಾಕುವ ರೂಟರಿಗೆ ಸಿಕ್ಕಿಸಿದೆ. ಅಂಕಿ ನೋಡಿದೆ. ಮೈನಸ್ 102.

ಬರಿಗೈಯಲ್ಲಿ ಫೋನ್ ಎತ್ತಿ ಹಿಡಿದದ್ದಕ್ಕಿಂತ ಒಂದು ಡಿಬಿ ಕಡಿಮೆ!

ಎರಡು ದಿನ ಆಂಟೆನಾವನ್ನು ಬೈದೆ. ಮೂರನೇ ದಿನ ಕೇಬಲಿನ ಮೇಲಿನ ಸಣ್ಣ ಅಕ್ಷರ ಓದಿದೆ. ಆರ್‌ಜಿ 58. ಈ ತೆಳು ಕೇಬಲ್ 1800 ಮೆಗಾಹರ್ಟ್ಸಿನ ಮೊಬೈಲ್ ಸಿಗ್ನಲ್ಲಿನಲ್ಲಿ ಮೀಟರಿಗೆ ಸುಮಾರು ಮುಕ್ಕಾಲು ಡಿಬಿ ತಿನ್ನುತ್ತದೆ. 15 ಮೀಟರಿಗೆ ಹನ್ನೊಂದು ಡಿಬಿ. ಆಂಟೆನಾ ಮೇಲೆ ಗಳಿಸಿದ್ದನ್ನೆಲ್ಲ ಕೇಬಲ್ ಕೆಳಗೆ ಬರುವಷ್ಟರಲ್ಲಿ ಮುಗಿಸುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ದಪ್ಪ ಕೇಬಲ್ ಹಾಕಬಹುದು. ಎರಡು ಎಳೆ ಬೇಕು, ಬೆಲೆ ಕೇಳಿ ಬಿಟ್ಟೆ. ಇನ್ನೊಂದು ದಾರಿ ಉಂಟು. ರೂಟರನ್ನೇ ಆಂಟೆನಾದ ಬುಡಕ್ಕೆ ಹತ್ತಿಸುವುದು. ಆಗ ಆಂಟೆನಾ ಕೇಬಲ್ ಒಂದು ಮೀಟರ್ ಸಾಕು. ಕೆಳಗೆ ಬರುವುದು ಲ್ಯಾನ್ ಕೇಬಲ್. ಅದರಲ್ಲಿ 100 ಮೀಟರ್‌ವರೆಗೂ ಡೇಟಾಕ್ಕೆ ತೊಂದರೆ ಇಲ್ಲ. 100 ಎಂಬಿಪಿಎಸ್ ಲೈನಿಗೆ ಎಂಟು ಎಳೆಗಳಲ್ಲಿ ನಾಲ್ಕೇ ಸಾಕು: 1, 2, 3, 6. ಉಳಿದ ನಾಲ್ಕರಲ್ಲಿ ಕರೆಂಟು ಕಳಿಸಬಹುದು. 4 ಮತ್ತು 5 ಪ್ಲಸ್, 7 ಮತ್ತು 8 ಮೈನಸ್. ಮಾಡಿನ ಮೇಲೆ ಪ್ಲಗ್ ಪಾಯಿಂಟ್ ಬೇಡ.

ಎಲೆಕ್ಟ್ರಿಕಲ್ ಅಂಗಡಿಯಿಂದ ಮುಚ್ಚಳ ಇರುವ ಪಿವಿಸಿ ಬಾಕ್ಸ್ ತಂದೆ. ತೂತುಗಳನ್ನೆಲ್ಲ ಅಡಿಭಾಗದಲ್ಲೇ ಕೊರೆದೆ. ಕೇಬಲ್ ಒಳಗೆ ಹೋಗುವ ಮೊದಲು ಕೆಳಗೆ ಒಂದು ಬಾಗು ಕೊಟ್ಟೆ. ಮಳೆನೀರು ಆ ಬಾಗಿನ ತುದಿಯಿಂದ ತೊಟ್ಟಿಕ್ಕಬೇಕು, ಬಾಕ್ಸಿನೊಳಗೆ ಹರಿಯಬಾರದು. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ಇದು. ಕೆಳಗಿನ ತೂತಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿದೆ, ಇರುವೆಗೆ.

ಚಾಲೂ ಮಾಡಿದೆ. ಮೈನಸ್ 92. ಅತ್ತಿಗೆಯನ್ನು ಕರೆದು ತೋರಿಸಿದೆ. ವಿಡಿಯೊ ಹಾಕಿದೆ. ಹತ್ತು ಸೆಕೆಂಡ್ ಓಡಿತು. ರೂಟರ್ ಆಫ್ ಆಗಿ ಆನ್ ಆಯಿತು. ಮತ್ತೆ ಹಾಕಿದೆ. ಮತ್ತೆ ಆಫ್. ಅತ್ತಿಗೆ ಏನೂ ಹೇಳದೆ ಒಳಗೆ ಹೋದರು.

ಇಲ್ಲಿ ನಾಚಿಕೆಯ ವಿಷಯ ಹೇಳಿಬಿಡುತ್ತೇನೆ. ಮೋಟಾರು ಹೊಳೆಬದಿಯಲ್ಲಿ, ಸ್ವಿಚ್ಚು ಮನೆಯಲ್ಲಿ, ವಯರು ಸಪೂರ, ಅದಕ್ಕೇ ಪಂಪ್ ಎಳೆಯುವುದಿಲ್ಲ ಎಂದು ದಿನಕ್ಕೆ ಇಬ್ಬರಿಗಾದರೂ ಹೇಳುವವನು ನಾನು. ನನ್ನದೇ ಮನೆಯಲ್ಲಿ ಅದು ಹೊಳೆಯಲಿಲ್ಲ. ಮಲ್ಟಿಮೀಟರ್ ಹಿಡಿದು ಮೇಲೆ ಹತ್ತಿದೆ. ಕೆಳಗೆ ಅಡಾಪ್ಟರಿನಲ್ಲಿ 12.1 ವೋಲ್ಟ್. ಮೇಲೆ ರೂಟರ್ ಸುಮ್ನೆ ಇರುವಾಗ 10.9. ವಿಡಿಯೊ ಹಾಕಿದ ಕೂಡಲೇ ಅಂಕಿ ಜಾರಿತು. 9.6, 9.1, 8.8. ಅಲ್ಲಿಗೆ ದೀಪ ಹೋಯಿತು.

28 ಮೀಟರ್ ಕೇಬಲಿನಲ್ಲಿ ಇಷ್ಟು ಬೀಳಬಾರದಲ್ಲ ಎಂದು ಲೆಕ್ಕ ಹಾಕಿದೆ. ತಾಮ್ರವಾದರೆ ಹೋಗಿ ಬರುವ ದಾರಿ ಸೇರಿ ಎರಡೂವರೆ ಓಮ್ ಆಸುಪಾಸು. ನನಗೆ ಸಿಗುತ್ತಿದ್ದದ್ದು ನಾಲ್ಕರ ಮೇಲೆ. ಉಳಿದ ತುಂಡಿನಿಂದ ಒಂದು ಎಳೆ ಬಿಡಿಸಿ ಬ್ಲೇಡಿನಲ್ಲಿ ಮೆಲ್ಲ ಕೆರೆದೆ. ಮೇಲಿನ ಕೆಂಪು ಬಣ್ಣ ಪುಡಿಯಾಗಿ ಉದುರಿತು. ಒಳಗೆ ಬಿಳಿ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಎರಡು ಸಲ ಬಾಗಿಸಿದೆ, ಪಟಕ್ ಎಂದು ತುಂಡಾಯಿತು. ತಾಮ್ರ ಹಾಗೆ ತುಂಡಾಗುವುದಿಲ್ಲ. ಕೇಬಲ್ ಕೊಳ್ಳುವಾಗ ಈ ಪರೀಕ್ಷೆ ಅಂಗಡಿಯಲ್ಲೇ ಮಾಡಿ. ಅಂಗಡಿಯವರು ಮುಖ ಗಂಟು ಹಾಕಿದರೂ ಪರವಾಗಿಲ್ಲ.

ಪುತ್ತೂರಿಗೆ ಹೋಗಿ ತಾಮ್ರದ್ದೇ ತಂದೆ. ಅಷ್ಟಕ್ಕೇ ಬಿಡಲಿಲ್ಲ. ಕೆಳಗಿನಿಂದ 24 ವೋಲ್ಟ್ ಕಳಿಸಿ ಮೇಲೆ ಬಾಕ್ಸಿನೊಳಗೆ ಒಂದು ಸಣ್ಣ ಬಕ್ ಕನ್ವರ್ಟರ್ ಇಟ್ಟು 12ಕ್ಕೆ ಇಳಿಸಿದೆ. ವೋಲ್ಟೇಜ್ ಇಮ್ಮಡಿ ಮಾಡಿದರೆ ಅದೇ ಕೆಲಸಕ್ಕೆ ಮೊದಲಿನ ಅರ್ಧದಷ್ಟೇ ಆಂಪಿಯರ್ ಸಾಕು, ದಾರಿಯಲ್ಲಿ ಬೀಳುವುದೂ ಅರ್ಧ. ಒಂದು ಎಚ್ಚರಿಕೆ: ಈ ಬಕ್ ಕನ್ವರ್ಟರುಗಳು ಅಂಗಡಿಯಿಂದ ಬರುವಾಗ ಯಾವ ವೋಲ್ಟಿಗೆ ತಿರುಗಿಸಿಟ್ಟಿರುತ್ತಾರೆ ಎಂದು ಹೇಳಲಾಗದು. ರೂಟರಿಗೆ ಕೊಡುವ ಮೊದಲು ಮೀಟರ್ ಹಿಡಿದು, ಆ ಹಿತ್ತಾಳೆಯ ಸಣ್ಣ ಸ್ಕ್ರೂ ತಿರುಗಿಸಿ 12ಕ್ಕೆ ತನ್ನಿ. ಸ್ಕ್ರೂ ಹತ್ತು ಹದಿನೈದು ಸುತ್ತು ತಿರುಗಿದರೂ ಅಂಕಿ ಅಲ್ಲಾಡದೆ ಇರಬಹುದು. ಹೆದರಬೇಡಿ, ತಿರುಗಿಸುತ್ತಾ ಇರಿ.

ಯಾವ ಟವರ್?

ಏಪ್ರಿಲಿನ ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ತೋಟದ ಕೆಲಸಕ್ಕೆ ಬರುವವರೊಬ್ಬರು ಪೈಪು ತಿರುಗಿಸುವುದು, ನಾನು ಕೆಳಗೆ ಲ್ಯಾಪ್‌ಟಾಪಿನಲ್ಲಿ ರೂಟರಿನ ಪುಟ ನೋಡುವುದು. ಹತ್ತು ಡಿಗ್ರಿ ತಿರುಗಿಸಿ ಒಂದು ನಿಮಿಷ ಕಾಯಬೇಕು. ಅಂಕಿ ನಿಲ್ಲುವುದಕ್ಕೆ ಅಷ್ಟು ಹೊತ್ತು ಬೇಕು.

“ಈ ಪೈಪು ಯಾಕೆ ಮಾರಾಯ್ರೆ, ಅಡಿಕೆ ಮರದ ತಲೆಗೆ ಕಟ್ಟಿದ್ರೆ ಇನ್ನೂ ಎತ್ತರ ಸಿಗ್ತದಲ್ಲ?” ಎಂದರು ಅವರು.

“ಗಾಳಿಗೆ ಮರ ಓಲಾಡ್ತದೆ. ಆಂಟೆನಾ ಒಂದು ಸಲ ವಿಟ್ಲ ನೋಡ್ತದೆ, ಒಂದು ಸಲ ಪೆರ್ಲ ನೋಡ್ತದೆ.”

“ಹಾಗಾದ್ರೆ ಬೇಡ. ಈಗ ಇರುವ ಅವಸ್ಥೆಯೂ ಅದೇ ಅಲ್ವಾ?”

ಸರಿಯಾಗಿಯೇ ಹೇಳಿದ್ದರು.

ಎರಡು ದಿಕ್ಕಿನಲ್ಲಿ ಒಳ್ಳೆಯ ಅಂಕಿ ಸಿಕ್ಕಿತು. ಕೇರಳದ ಟವರ್ ಹತ್ತಿರ, ನಡುವೆ ಗುಡ್ಡ. ಮೈನಸ್ 92. ಕರ್ನಾಟಕದ ಟವರ್ ದೂರ, ಆದರೆ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ನೇರ ಕಾಣುವ ದಾರಿ. ಮೈನಸ್ 99. ಅಂಕಿ ನೋಡಿದರೆ ಕೇರಳ ಗೆದ್ದಿತು. ವೇಗ ನೋಡಿದರೆ ಕೇರಳದ್ದು 1.2 ಎಂಬಿಪಿಎಸ್, ಕರ್ನಾಟಕದ್ದು 6.

ಕಾರಣ ರೂಟರಿನ ಪುಟದಲ್ಲಿ ಕೆಳಗೆ ಇರುವ ಇನ್ನೊಂದು ಅಂಕಿ. ಎಸ್‌ಐಎನ್‌ಆರ್ ಎನ್ನುತ್ತಾರೆ. ಸಿಗ್ನಲ್ ಎಷ್ಟು ಜೋರು ಎಂದಲ್ಲ, ಸುತ್ತಲಿನ ಗದ್ದಲಕ್ಕಿಂತ ಎಷ್ಟು ಮೇಲೆ ಎಂದು ಅದು ಹೇಳುತ್ತದೆ. ಯಕ್ಷಗಾನ ಆಟದ ರಂಗಸ್ಥಳದ ಪಕ್ಕ ನಿಂತು ಮಾತಾಡಿ ನೋಡಿ. ಚೆಂಡೆ ಬಾರಿಸುವಾಗ ಕಿವಿಯ ಹತ್ತಿರ ಬಂದು ಕೂಗಿದರೂ ಕೇಳುವುದಿಲ್ಲ. ಚೆಂಡೆ ನಿಂತ ಮೇಲೆ ಹತ್ತು ಮಾರು ದೂರದವರು ಮೆಲ್ಲ ಹೇಳಿದರೂ ಕೇಳುತ್ತದೆ. ಕೇರಳದ ಕಡೆ ಆ ಅಂಕಿ 2, ಕರ್ನಾಟಕದ ಕಡೆ 13. ಕಡ್ಡಿ ನೋಡಿ ಆಂಟೆನಾ ತಿರುಗಿಸುವವರು ಸೋಲುವುದು ಇಲ್ಲೇ.

ಇನ್ನೂ ಒಂದು ಸಣ್ಣ ಗುಟ್ಟು. ಎರಡು ಆಂಟೆನಾಗಳನ್ನೂ ನಾನು ನೆಟ್ಟಗೆ ನಿಲ್ಲಿಸಿದ್ದೆ. ಟವರಿನವು ಸಾಮಾನ್ಯವಾಗಿ 45 ಡಿಗ್ರಿ ಓರೆಯಲ್ಲಿ, ಒಂದು ಎಡಕ್ಕೆ ಒಂದು ಬಲಕ್ಕೆ ಇರುತ್ತವೆ. ಇಲ್ಲೂ ಹಾಗೇ ಓರೆ ಮಾಡಿದೆ. 13 ಇದ್ದದ್ದು 15 ಆಯಿತು.

ವಿಟ್ಲದಲ್ಲಿರುವ ಭಾವನ ಹೆಸರಿನಲ್ಲಿದ್ದ ಹೆಚ್ಚುವರಿ ಸಿಮ್ ರೂಟರಿಗೆ ಬಂತು. ನೆಟ್‌ವರ್ಕ್ ಆಯ್ಕೆಯನ್ನು ಆಟೊಮ್ಯಾಟಿಕ್‌ನಿಂದ ಮ್ಯಾನುವಲ್‌ಗೆ ಹಾಕಿದೆ. ಓಲಾಟ ನಿಂತಿತು.

ಮೇ ತಿಂಗಳ ಸಿಡಿಲು

ಮಳೆಗಾಲ ಶುರುವಾಗುವ ಮೊದಲಿನ ಸಂಜೆ ಗುಡುಗು ನಮ್ಮಲ್ಲಿ ಭಾರೀ ಜೋರು. ತುಲಾ ತಿಂಗಳಲ್ಲೂ ಹಾಗೆಯೇ. ಮೇ ಮಧ್ಯದ ಒಂದು ಸಂಜೆ ಪಕ್ಕದ ತೋಟದ ತೆಂಗಿಗೆ ಹೊಡೆಯಿತು. ನಮ್ಮಲ್ಲಿ 24 ವೋಲ್ಟಿನ ಅಡಾಪ್ಟರ್ ಹೋಯಿತು, ಕೆಳಗಿದ್ದ ವೈಫೈ ರೂಟರಿನ ಲ್ಯಾನ್ ಪೋರ್ಟ್ ಹೋಯಿತು. ಮೇಲಿನದು ಹೇಗೋ ಉಳಿಯಿತು.

ಪೈಪಿನ ಬುಡದಿಂದ ಅರ್ತ್ ಗುಂಡಿಗೆ ದಪ್ಪ ಜಿಐ ತಂತಿ ಎಳೆದೆ. ಲ್ಯಾನ್ ಕೇಬಲಿನ ಎರಡು ತುದಿಗೂ ಸರ್ಜ್ ಅರೆಸ್ಟರ್ (ಸಿಡಿಲಿನ ಕರೆಂಟನ್ನು ಭೂಮಿಗೆ ಹರಿಸುವ ಸಾಧನ) ಹಾಕಿ ಅವನ್ನೂ ಅರ್ತಿಗೆ ಕೊಟ್ಟೆ. ಇದೆಲ್ಲ ಹತ್ತಿರದಲ್ಲಿ ಬಿದ್ದ ಸಿಡಿಲಿಗೆ. ನೇರ ತಲೆಗೇ ಬಿದ್ದರೆ ಯಾವ ಅರೆಸ್ಟರೂ ನಿಲ್ಲದು. ಅದಕ್ಕಿಂತ ಒಳ್ಳೆಯ ಉಪಾಯ ಅಮ್ಮ. ಮೊದಲ ಗುಡುಗು ಕೇಳಿದ ಕೂಡಲೇ “ವಯರು ತೆಗಿ ಮಗಾ” ಎಂಬ ಸ್ವರ ಬರುತ್ತದೆ. ನಾನು ಪೇಟೆಯಲ್ಲಿದ್ದರೆ ಅವರೇ ತೆಗೆಯುತ್ತಾರೆ. ಪ್ಲಗ್ಗೂ ತೆಗೆಯಬೇಕು, ಲ್ಯಾನ್ ಕೇಬಲ್ಲೂ ತೆಗೆಯಬೇಕು. ಅದನ್ನು ಅವರಿಗೆ ಒಂದೇ ಸಲ ಹೇಳಿಕೊಟ್ಟದ್ದು.

ಸಾಲು ನಿಲ್ಲಿಸುವ ಕೆಲಸ

ಸುಟ್ಟುಹೋದ ರೂಟರಿನ ಬದಲಿಗೆ ಗುಜರಿ ಅಂಗಡಿಯಲ್ಲಿ 400 ರೂಪಾಯಿಗೆ ಒಂದು ಹಳೆಯದು ಸಿಕ್ಕಿತು. ಅದಕ್ಕೆ ಓಪನ್ ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಬಹುದು ಎಂದು ನೋಡಿಯೇ ತಂದದ್ದು. 4 ಎಂಬಿ ಫ್ಲ್ಯಾಶ್, 32 ಎಂಬಿ ರ್‍ಯಾಮ್ ಇರುವ ತೀರ ಹಳೆಯವು ಈಗ ಉಪಯೋಗಕ್ಕೆ ಬರುವುದಿಲ್ಲ. ನನ್ನದರಲ್ಲಿ 16 ಮತ್ತು 128 ಇತ್ತು, ಸಾಕು.

ಫೆಬ್ರವರಿಯ ಆ ಮೂರು ಸಾವಿರದ ಪಿಂಗ್ ನೆನಪಿದೆಯಲ್ಲ? ಸಿಗ್ನಲ್ ಇಷ್ಟು ಒಳ್ಳೆಯದಾದ ಮೇಲೂ ಅದು ಹೋಗಿರಲಿಲ್ಲ. ಸಂಜೆ ಅಮ್ಮ ತಂಗಿಯ ಜೊತೆ ಮಾತಾಡುತ್ತಿರುವಾಗ ಅಣ್ಣನ ಮಗಳ ಫೋನ್ ಫೋಟೊಗಳನ್ನು ಬ್ಯಾಕಪ್‌ಗೆ ಕಳಿಸಲು ಶುರು ಮಾಡಿದರೆ ಸಾಕು, ತಂಗಿಯ ಮುಖ ಬಾಯಿ ತೆರೆದು ನಿಂತುಬಿಡುತ್ತಿತ್ತು. ಟವರಿನದ್ದು ಏನೂ ತಪ್ಪಿರಲಿಲ್ಲ.

ಸೊಸೈಟಿಯ ಅಡಿಕೆ ತೂಕದ ಕೌಂಟರ್ ನೆನೆಸಿಕೊಳ್ಳಿ. ಒಬ್ಬ ಇಪ್ಪತ್ತು ಗೋಣಿ ಇಳಿಸಿ ಸಾಲಿನಲ್ಲಿಟ್ಟಿದ್ದಾನೆ. ಹಿಂದೆ ಬಂದವನ ಕೈಯಲ್ಲಿ ಒಂದು ಚೀಲ ಮಾತ್ರ. ಅವನೂ ಇಪ್ಪತ್ತು ಗೋಣಿ ತೂಗುವವರೆಗೆ ಕಾಯಬೇಕು. ಮಾಡಿನ ಮೇಲಿನ ರೂಟರಿನ ಮೋಡೆಮ್ ಒಳಗೆ ಆಗುವುದು ಅದೇ. ಒಂದು ಪ್ಯಾಕೆಟ್ಟೂ (ಡೇಟಾದ ಸಣ್ಣ ಕಟ್ಟು) ಬಿದ್ದುಹೋಗಬಾರದು ಎಂದು ಅದರಲ್ಲಿ ದೊಡ್ಡ ಬಫರ್, ಅಂದರೆ ಕಾಯುವ ಜಾಗ, ಇಟ್ಟಿರುತ್ತಾರೆ. ಲೈನ್ ಸಣ್ಣದಾದರೆ ಆ ಬಫರ್ ತುಂಬಿ, ಪ್ರತಿ ಪ್ಯಾಕೆಟ್ಟೂ ಅದರ ಹಿಂದೆ ಮೂರು ಸೆಕೆಂಡ್ ನಿಲ್ಲುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಜಿಮ್ ಗೆಟ್ಟಿಸ್ ಎಂಬವರು ತಮ್ಮ ಮನೆಯ ಲೈನಿನಲ್ಲೇ ಇದನ್ನು ಕಂಡು, 2010ರ ಸುಮಾರಿಗೆ ಈ ಹೆಸರನ್ನು ಬಳಕೆಗೆ ತಂದರು. ಮನೆಯ ಗೋಳಿನಿಂದ ಶುರುವಾದದ್ದು ಎಂದು ಓದಿ ನನಗೆ ಸ್ವಲ್ಪ ಸಮಾಧಾನ ಆಯಿತು.

ಮದ್ದು ಏನೆಂದರೆ, ಸಾಲನ್ನು ಮೋಡೆಮ್ಮಿನಿಂದ ಕಿತ್ತು ನಮ್ಮ ಕೈಗೆ ತೆಗೆದುಕೊಳ್ಳುವುದು. ಓಪನ್ ಡಬ್ಲ್ಯುಆರ್‌ಟಿಯಲ್ಲಿ ಎಸ್‌ಕ್ಯೂಎಂ ಎಂಬ ಪ್ಯಾಕೇಜ್ ಹಾಕಿ, ಕೇಕ್ ಎಂಬ ವಿಧಾನ ಆರಿಸಬೇಕು. ಕೇಕ್ 2018ರಲ್ಲಿ ಲಿನಕ್ಸ್ 4.19ರೊಳಗೇ ಸೇರಿತು. ಅದು ಪ್ರತಿಯೊಬ್ಬರ ಸಾಲನ್ನು ಬೇರೆ ಮಾಡಿ ಸರದಿಯಲ್ಲಿ ಒಂದೊಂದೇ ಬಿಡುತ್ತದೆ. ಇಪ್ಪತ್ತು ಗೋಣಿಯವನದ್ದು ಒಂದು ಗೋಣಿ, ಚೀಲದವನದ್ದು ಒಂದು ಚೀಲ. ಆದರೆ ಒಂದು ಷರತ್ತು: ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಅಂಕಿಯನ್ನು ನಾವೇ ಕೊಡಬೇಕು. ಇಲ್ಲದಿದ್ದರೆ ಸಾಲು ಮತ್ತೆ ಮೋಡೆಮ್ಮಿಗೇ ಹೋಗುತ್ತದೆ.

ಮೊಬೈಲ್ ಲೈನಿಗೆ ಯಾವ ಅಂಕಿ ಕೊಡುವುದು? ಹಗಲು 6 ಎಂಬಿಪಿಎಸ್, ಸಂಜೆ ಏಳರ ನಂತರ ಒಂದೂವರೆ. ತಾನೇ ವೇಗ ನೋಡಿ ಹೊಂದಿಸಿಕೊಳ್ಳುವ ಸ್ಕ್ರಿಪ್ಟುಗಳಿವೆ. ನಾನು ಸೋಮಾರಿ. ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಮಾಡಿಸುವ ಕ್ರಾನ್‌ನಲ್ಲಿ ಎರಡು ಸಾಲು ಬರೆದೆ. ಹಗಲು 5000 ಕೆಬಿಪಿಎಸ್, ಸಂಜೆ ಆರೂವರೆಯಿಂದ ಹನ್ನೊಂದರವರೆಗೆ 1200.

ವೇಗ ಕಡಿಮೆ ಮಾಡಿದ್ದಕ್ಕೆ ಮನೆಯವರೆಲ್ಲ ನೆಟ್ ಜೋರಾಯಿತು ಎಂದರು. ಒಬ್ಬರು ಏನಾದರೂ ಇಳಿಸುತ್ತಿರುವಾಗ ಪಿಂಗ್ 3400 ಇದ್ದದ್ದು 130ಕ್ಕೆ ಬಂತು. ಇಡೀ ಕೆಲಸದಲ್ಲಿ ಖರ್ಚಿಲ್ಲದೆ ಆದದ್ದು ಇದೊಂದೇ, ಜಾಸ್ತಿ ಪ್ರಯೋಜನ ಆದದ್ದೂ ಇದೇ. ಮೊದಲು ಇದನ್ನು ಮಾಡಬೇಕಿತ್ತು. ಆಂಟೆನಾ ಕಣ್ಣಿಗೆ ಕಾಣುತ್ತದೆ, ಸಾಲು ಕಾಣುವುದಿಲ್ಲ. ನಾನು ಕಾಣುವುದರ ಹಿಂದೆ ಹೋದೆ.

ಆಮೇಲೆ ಒಂದು ವಾರ ಡಿಎನ್‌ಎಸ್ ಲಾಗ್, ಅಂದರೆ ಯಾವ ಫೋನ್ ಯಾವ ತಾಣದ ಹೆಸರು ಕೇಳಿತು ಎಂಬ ಪಟ್ಟಿ, ಇಟ್ಟು ಯಾರು ತಿನ್ನುತ್ತಿದ್ದಾರೆ ಎಂದು ನೋಡಿದೆ. ಮನುಷ್ಯರು ಅಲ್ಲವೇ ಅಲ್ಲ. ಲ್ಯಾಪ್‌ಟಾಪಿನ ವಿಂಡೋಸ್ ಅಪ್‌ಡೇಟ್, ಫೋನುಗಳ ಆ್ಯಪ್ ಅಪ್‌ಡೇಟ್, ಫೋಟೊ ಬ್ಯಾಕಪ್, ವಾಟ್ಸಾಪಿನಲ್ಲಿ ತಾನಾಗಿ ಇಳಿಯುವ ಗುಡ್ ಮಾರ್ನಿಂಗ್ ವಿಡಿಯೊ. ಲ್ಯಾಪ್‌ಟಾಪಿನಲ್ಲಿ ವೈಫೈಯನ್ನು ‘ಮೀಟರ್ಡ್’ (ಅಳತೆಯ ಲೈನ್) ಎಂದು ಗುರುತಿಸಿದೆ, ಉಳಿದವನ್ನು ಆಫ್ ಮಾಡಿದೆ. ದಿನದ ಕೋಟಾ ಸಂಜೆ ನಾಲ್ಕಕ್ಕೆ ಮುಗಿಯುತ್ತಿದ್ದದ್ದು ರಾತ್ರಿವರೆಗೆ ಬರಲು ಶುರುವಾಯಿತು.

ಕೋಟಾ ಮುಗಿದ ಮೇಲೆ

ಮುಗಿದ ದಿನ ಲೈನ್ 64 ಕೆಬಿಪಿಎಸ್‌ಗೆ ಬೀಳುತ್ತದೆ. ಅಂದರೆ ಸೆಕೆಂಡಿಗೆ 8 ಕೆಬಿ. ಎರಡು ಎಂಬಿಯ ಒಂದು ಪುಟ, ಇವತ್ತಿಗೆ ಅದು ದೊಡ್ಡದೇನಲ್ಲ, ನಾಲ್ಕು ನಿಮಿಷ ದಾಟುತ್ತದೆ. ಅಷ್ಟರಲ್ಲಿ ಅರ್ಜಿಯ ಪುಟ ‘ಸೆಷನ್ ಮುಗಿಯಿತು’ ಎನ್ನುತ್ತದೆ.

ಆಗ ಪಿಂಗ್ ಕೂಡ 600ರ ಹತ್ತಿರ. ಒಂದು ಹೊಸ ತಾಣಕ್ಕೆ ಹೋಗಬೇಕಾದರೆ ಹೆಸರು ಹುಡುಕಲು ಒಂದು ಸುತ್ತು, ಕೈಕುಲುಕಲು ಒಂದು, ಬೀಗ ಹಾಕಿಕೊಳ್ಳಲು ಒಂದು, ಪುಟ ಕೇಳಲು ಒಂದು. ಬೀಗದ ಹಳೆಯ ಪದ್ಧತಿಯಾದರೆ ಇನ್ನೊಂದು ಸುತ್ತು ಜಾಸ್ತಿ. 2018ರ ಟಿಎಲ್‌ಎಸ್ 1.3 ಎಂಬ ಹೊಸ ಪದ್ಧತಿ ಆ ಸುತ್ತನ್ನು ತಪ್ಪಿಸಿತು. ಹಾಗಾದರೂ ಮೊದಲ ಅಕ್ಷರ ಬರುವ ಮೊದಲೇ ಎರಡೂವರೆ ಸೆಕೆಂಡ್ ಖಾಲಿ. ಪುಟವೊಂದು ಹತ್ತು ಬೇರೆ ಬೇರೆ ತಾಣಗಳಿಂದ ಜಾಹೀರಾತು, ಅಕ್ಷರ, ಲೆಕ್ಕದ ಸ್ಕ್ರಿಪ್ಟು ತರಿಸಿಕೊಂಡರೆ ಇದೇ ಉಪಚಾರ ಹತ್ತು ಸಲ. ಸಣ್ಣ ಲೈನಿನವರಿಗೆ ಆಗಿಬರುತ್ತಿದ್ದ ಕೆಲವು ಸೌಕರ್ಯಗಳೂ ಹೋದವು. ಪುಟ ಹಗುರ ಮಾಡಿ ಕೊಡುತ್ತಿದ್ದ ಕ್ರೋಮಿನ ಲೈಟ್ ಮೋಡ್ 2022ರಲ್ಲಿ ನಿಂತಿತು, ಜಿಮೇಲಿನ ಸರಳ ಪುಟ 2024ರಲ್ಲಿ.

ಮಂಗಳೂರಿನ ಲ್ಯಾಬಿನಲ್ಲಿ 30 ಕಂಪ್ಯೂಟರು 512 ಕೆಬಿಪಿಎಸ್ ಲೈನಿನಲ್ಲಿ ನಡೆಯುತ್ತಿದ್ದವು. ಗುಟ್ಟು ಸ್ಕ್ವಿಡ್ ಎಂಬ ತಂತ್ರಾಂಶ. ಒಬ್ಬ ತೆರೆದ ಪುಟವನ್ನು ಅದು ತೆಗೆದಿಟ್ಟು ಇನ್ನೊಬ್ಬನಿಗೆ ಲ್ಯಾಬಿನೊಳಗಿಂದಲೇ ಕೊಡುತ್ತಿತ್ತು. ಅದೇ ಧೈರ್ಯದಲ್ಲಿ, ಅಂಗೈಯಷ್ಟು ಸಣ್ಣ ಕಂಪ್ಯೂಟರಾದ ಒಂದು ರಾಸ್ಪ್‌ಬೆರ್ರಿ ಪೈಗೆ ಸ್ಕ್ವಿಡ್ ಹಾಕಿದೆ. ಮೂರು ದಿನದ ನಂತರ ನೋಡಿದರೆ ಉಳಿತಾಯ ಹೆಚ್ಚುಕಡಿಮೆ ಸೊನ್ನೆ. ಈಗ ಎಲ್ಲವೂ ಎಚ್‌ಟಿಟಿಪಿಎಸ್. ಲಕೋಟೆಗೆ ಅರಗು ಮುದ್ರೆ ಹಾಕಿದ ಹಾಗೆ. ನಡುವಿನ ಪೋಸ್ಟ್‌ಮ್ಯಾನಿಗೆ ಒಳಗಿನದ್ದು ಕಾಣದು, ನಕಲು ಇಟ್ಟುಕೊಳ್ಳಲೂ ಆಗದು. ಬ್ಯಾಂಕಿಗೆ ಅದು ಬೇಕೇ ಬೇಕು. ಆದರೆ ಹತ್ತು ಮಂದಿ ಹತ್ತು ಸಲ ಓದುವ ವಿಶ್ವಕೋಶದ ಪುಟಕ್ಕೂ ನಾವು ಹತ್ತು ಸಲ ಬಾಡಿಗೆ ಕೊಡಬೇಕು.

ಸ್ಕ್ವಿಡ್ ತೆಗೆದೆ. ಪೈ ಕೈಯಲ್ಲಿತ್ತಲ್ಲ, ಕಿವಿಕ್ಸ್ ಹಾಕಿದೆ. ಇಡೀ ವಿಕಿಪೀಡಿಯವನ್ನು ಒಂದೇ ಫೈಲಿನಲ್ಲಿ ಕೊಡುವ ಯೋಜನೆ ಅದು. ನಮ್ಮ ಲೈನಿನಲ್ಲಿ ಇಳಿಸುವ ಪ್ರಶ್ನೆಯೇ ಇಲ್ಲ. ಮಂಗಳೂರಿನಲ್ಲಿ ಫೈಬರ್ ಇರುವ ಗೆಳೆಯನ ಮನೆಯಲ್ಲಿ ಇಳಿಸಿ ಪೆನ್‌ಡ್ರೈವಿಗೆ ಹಾಕಲು ಹೋದೆ. ಕನ್ನಡದ್ದು ಹೋಯಿತು, ಇಂಗ್ಲಿಷಿನದ್ದು ಹೋಗಲಿಲ್ಲ. ಜಾಗ ಬೇಕಷ್ಟು ಇದೆ, ಆದರೂ ಜಾಗ ಇಲ್ಲ ಎನ್ನುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟಿನಲ್ಲಿತ್ತು. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್ ಮಾಡಿದ ಮೇಲೆ ಹೋಯಿತು.

ಪೈ ಈಗ ಚಾವಡಿಯ ಕಪಾಟಿನಲ್ಲಿ, ಪಂಚಾಂಗದ ಪಕ್ಕ. ವೈಫೈ ಸಿಕ್ಕಿಸಿಕೊಂಡವರು ಬ್ರೌಸರಿನಲ್ಲಿ ಅದರ ವಿಳಾಸ ಹೊಡೆದರೆ ಕನ್ನಡ ವಿಕಿಪೀಡಿಯ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಕೋಟಾ ಇದ್ದರೂ ಇಲ್ಲದಿದ್ದರೂ. ಅಣ್ಣನ ಮಗಳು ಶಾಲೆಯ ಪ್ರಾಜೆಕ್ಟಿಗೆ ಗೋವಿಂದ ಪೈ ಬಗ್ಗೆ ಹುಡುಕಿದ್ದು ಅದರಲ್ಲೇ. ಅಣ್ಣ ಏನೇನೋ ಓದುತ್ತಾ ರಾತ್ರಿ ಹನ್ನೊಂದು ಮಾಡುತ್ತಾನೆ.

ನನ್ನದೇ ಪುಟದ ತೂಕ

ಇಷ್ಟೆಲ್ಲ ಆದ ಮೇಲೆ ಪೇಟೆಯ ವಾಚನಾಲಯಕ್ಕೆ ನಾನೇ ಹಿಂದೆ ಮಾಡಿಕೊಟ್ಟ ಪುಟವನ್ನು 64 ಕೆಬಿಪಿಎಸ್‌ನಲ್ಲಿ ತೆರೆದೆ. ಬಸ್ಸಿನ ಸಮಯ, ಹೊಸ ಪುಸ್ತಕಗಳ ಪಟ್ಟಿ, ಅಷ್ಟೆ ಇರುವುದು. ಮೂರೂ ಮುಕ್ಕಾಲು ನಿಮಿಷ ತೆಗೆದುಕೊಂಡಿತು. ತೂಕ ಹಾಕಿದರೆ 1.8 ಎಂಬಿ. ಅದರಲ್ಲಿ ಕಟ್ಟಡದ ಫೋಟೊ 1.3. ಚಂದ ಕಾಣಲಿ ಎಂದು ಹಾಕಿದ ಕನ್ನಡ ಫಾಂಟು ಮತ್ತು ಸ್ಕ್ರಿಪ್ಟು ಉಳಿದದ್ದು. ಊರಿನವರ ನೆಟ್ಟಿಗೆ ಬೈಯುತ್ತಿದ್ದವನ ಪುಟ ಇದು.

ಕನ್ನಡಕ್ಕೆ ತೂಕ ಜಾಸ್ತಿ ಎಂಬುದು ನಿಜ. ಕಂಪ್ಯೂಟರಿನಲ್ಲಿ ಅಕ್ಷರ ಬರೆದಿಡುವ ಪದ್ಧತಿಯಾದ ಯುಟಿಎಫ್-8ರಲ್ಲಿ ನಮ್ಮ ಪ್ರತಿ ಅಕ್ಷರ, ಪ್ರತಿ ಕೊಂಬು, ಪ್ರತಿ ಇಳಿ ಮೂರು ಬೈಟು. ‘ಕಾಸರಗೋಡು’ ಎಂದು ಬರೆದರೆ 24 ಬೈಟು, ಇಂಗ್ಲಿಷಿನಲ್ಲಿ 9. ಆದರೆ ಜಿಜಿಪ್ ಮಾಡಿದರೆ, ಅಂದರೆ ಹಿಂಡಿ ಸಣ್ಣದು ಮಾಡಿ ಕಳಿಸಿದರೆ, ಆ ವ್ಯತ್ಯಾಸ ಬಹಳ ಮಟ್ಟಿಗೆ ಕರಗುತ್ತದೆ, ಯಾಕೆಂದರೆ ಮೂರರಲ್ಲಿ ಮೊದಲ ಬೈಟು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ನನ್ನ ಪುಟದ 33 ಕೆಬಿ ಬರಹ 7 ಕೆಬಿಗೆ ಇಳಿಯಿತು. ಫಾಂಟು ಕಿತ್ತೆ. ಈಗಿನ ಫೋನುಗಳಲ್ಲಿ ಕನ್ನಡ ಫಾಂಟು ಮೊದಲೇ ಇರುತ್ತದೆ. ಸ್ಕ್ರಿಪ್ಟು ಕಿತ್ತೆ. ಫೋಟೊ ಕಿತ್ತೆ. ವಾಚನಾಲಯ ಹೇಗಿದೆ ಎಂದು ಊರಿನವರಿಗೆ ಗೊತ್ತುಂಟು. ಒಟ್ಟು 9 ಕೆಬಿ ಆಯಿತು. ಮೊದಲ ಕಂತಿನಲ್ಲಿ ಸರ್ವರ್ ಸಾಮಾನ್ಯವಾಗಿ ಹತ್ತು ಪ್ಯಾಕೆಟ್ ಕಳಿಸುತ್ತದೆ, ಸುಮಾರು 14 ಕೆಬಿ. ಅದರೊಳಗೆ ಇಡೀ ಪುಟ ಕೂತಿತು. ಈಗ ನಾಲ್ಕು ಸೆಕೆಂಡಿನೊಳಗೆ ಬರುತ್ತದೆ.

ಆ ಹುರುಪಿನಲ್ಲಿ ನಮ್ಮ ಅಡಿಕೆ ಧಾರಣೆಯ ವಾಟ್ಸಾಪ್ ಗ್ರೂಪಿಗೂ ಕೈ ಹಾಕಿದೆ. ದಿನಾ ಬೆಳಿಗ್ಗೆ ರೇಟು ಒಂದು ಫೋಟೊ ಆಗಿ ಬರುತ್ತದೆ. ಹೂವಿನ ಬಾರ್ಡರು, ಹಿಂದೆ ತೋಟದ ಚಿತ್ರ, 180 ಕೆಬಿ. ಅದೇ ರೇಟು ಅಕ್ಷರದಲ್ಲಿ ಬರೆದರೆ ಒಂದು ಕೆಬಿ ಆಗುವುದಿಲ್ಲ. ಅಡ್ಮಿನ್ ಭಾವನಿಗೆ ಫೋನ್ ಮಾಡಿ ಲೆಕ್ಕ ಸಮೇತ ವಿವರಿಸಿದೆ.

“ಅದೆಲ್ಲ ಸರಿ ಭಾವ, ಆದ್ರೆ ಫೋಟೊ ಆದ್ರೆ ಚಂದ ಕಾಣ್ತದೆ” ಎಂದರು.

ಮಾರನೇ ದಿನ ಫೋಟೊವೂ ಬಂತು, ಅದರ ಕೆಳಗೆ ಅಕ್ಷರದಲ್ಲೂ ಬಂತು.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಸಿಗ್ನಲ್ ನಾಲ್ಕೈದು ಡಿಬಿ ಇಳಿದಿದೆ. ಎದುರಿನ ರಬ್ಬರ್ ಮರಗಳ ಒದ್ದೆ ಎಲೆಗಳ ಕೆಲಸ ಅದು. ಇನ್ನು ಪೈಪಿಗೆ ಒಂದು ಮೀಟರ್ ಜೋಡಿಸಿ ನೋಡಬೇಕು. ಬಾಕ್ಸಿನೊಳಗೆ ನೀರು ಹೋಗಿಲ್ಲ. ಇರುವೆ ಹೋಗಿದೆ. ಪರದೆಯನ್ನು ಕಚ್ಚಿ ತೂತು ಮಾಡಿ ರೂಟರಿನ ಬಿಸಿಗೆ ಮೊಟ್ಟೆ ಇಟ್ಟಿದ್ದವು. ಗುಡಿಸಿ ತೆಗೆದು ಸ್ಟೀಲಿನ ಜಾಲರಿ ಹಾಕಿದ್ದೇನೆ. ಒಟ್ಟು ಖರ್ಚು, ಸಿಡಿಲಿನದ್ದೂ ಸೇರಿ, ಒಂಬತ್ತು ಸಾವಿರದ ಚಿಲ್ಲರೆ.

ಒಂದು ಕೆಲಸ ಬಾಕಿ ಉಂಟು. ಬ್ಯಾಂಕಿಗೆ, ಆಧಾರಿಗೆ, ತೆರಿಗೆಗೆ ಕೊಟ್ಟದ್ದೆಲ್ಲ ಅಪ್ಪನ ಹಳೆಯ ಕೀಪ್ಯಾಡ್ ಫೋನಿನ ನಂಬರು. ಅದಕ್ಕೆ ವೈಫೈ ಇಲ್ಲ. ಒಟಿಪಿ ಬರಬೇಕಾದರೆ ಟವರೇ ಬೇಕು. ಹಾಗಾಗಿ ಅಣ್ಣ ಚಾವಡಿಯಲ್ಲಿ ಆರಾಮವಾಗಿ ಕೂತು ಅರ್ಜಿ ತುಂಬುವಾಗ ಆ ಫೋನ್ ಒಗೆಯುವ ಕಲ್ಲಿನ ಮೇಲೆ ಇರುತ್ತದೆ. ಪಕ್ಕದಲ್ಲಿ ಅತ್ತಿಗೆ ಬಟ್ಟೆ ಒಗೆಯುತ್ತಿರುತ್ತಾರೆ. ಫೋನ್ ಕುಂಯ್ ಎಂದ ಕೂಡಲೇ ಸಾಬೂನಿನ ಕೈಯನ್ನು ಸೆರಗಿಗೆ ಒರೆಸಿ, ಆರು ಅಂಕಿಗಳನ್ನು ಅಲ್ಲಿಂದಲೇ ಕೂಗಿ ಹೇಳುತ್ತಾರೆ.